ಕಣ್ಣು ಮುಚ್ಚಿದಾಗ ಬರುವ ಗೆರೆ

ತಲೆಗೆ ತಂತಿ ಹಚ್ಚಿ ಮಿದುಳಿನ ಗೆರೆಯನ್ನು ಕಾಗದದ ಮೇಲೆ ಒಂದು ಸಲ ಎಳೆಸಿದರೆ ಮೂವತ್ತು ರೂಪಾಯಿ. ಆಗಿನ ಮೂವತ್ತು ರೂಪಾಯಿ ಎಂದರೆ ಸಣ್ಣ ಸಂಸಾರದ ಅರ್ಧ ತಿಂಗಳ ಊಟ. ಯಾಕೆ ಅಷ್ಟು ಎಂದು ಕೇಳದೆ ಕೈ ಬಿಚ್ಚುವವನು ನಾನಲ್ಲ, ಕೇಳಿದೆ. ಮಡಿಕೆ ಕಾಗದ ಹಡಗಿನಲ್ಲಿ ಬರಬೇಕಂತೆ. ಪೆನ್ನಿಗೆ ಹಾಕುವ ಶಾಯಿ ನಮ್ಮ ಬಜಾರಿನ ಶಾಯಿ ಅಲ್ಲವಂತೆ. ವಾಲ್ವು ಸುಟ್ಟರೆ ಮುಂಬಯಿಗೆ ಬರೆಯಬೇಕಂತೆ. ಹೊರದೇಶದಲ್ಲಿ ಓದಿ ಬಂದು ಶಿವಮೊಗ್ಗದಲ್ಲಿ ಸ್ವಂತ ಆಸ್ಪತ್ರೆ ತೆರೆದಿದ್ದ ಡಾಕ್ಟರು ಇದನ್ನೆಲ್ಲ ತಾಳ್ಮೆಯಿಂದ ಹೇಳಿದರು. ನಾನೂ ತಾಳ್ಮೆಯಿಂದ ಕೇಳಿಸಿಕೊಂಡು, “ನಾವು ಒಂದು ಸಲ ಬಂದು ಹೋಗೋರಲ್ಲ ಸಾರ್, ಆರು ತಿಂಗಳ ಗಿರಾಕಿ” ಎಂದು ಇಪ್ಪತ್ತೆರಡಕ್ಕೆ ಇಳಿಸಿದೆ.

ಮೂಲೆಯಲ್ಲಿ ಯಂತ್ರದ ಪೆನ್ನುಗಳಿಗೆ ಶಾಯಿ ತುಂಬುತ್ತಿದ್ದ ಸಣಕಲು ಮನುಷ್ಯರೊಬ್ಬರು ತಲೆ ಎತ್ತದೆ ಕೇಳಿದರು: “ಯಜಮಾನ್ರೇ, ಎಂಟು ರೂಪಾಯಿ ಇಳಿಸಿದ್ರಲ್ಲ, ಅಷ್ಟಕ್ಕೆ ಎಷ್ಟು ಗೆರೆ ಕಮ್ಮಿ ಎಳೀಲಿ?”

ಪಕ್ಕದಲ್ಲಿ ಕುಳಿತಿದ್ದ ನನ್ನ ತಮ್ಮ ನಕ್ಕುಬಿಟ್ಟ. ಏಳು ವಾರಗಳಿಂದ ಅವನು ನಕ್ಕಿರಲಿಲ್ಲ. ಅವನನ್ನು ನಗಿಸಲೆಂದು ನಾನು ಮಾಡದ ಕಪಿಚೇಷ್ಟೆ ಇರಲಿಲ್ಲ. ಸಿನಿಮಾಕ್ಕೆ ಕರೆದೊಯ್ದಿದ್ದೆ, ನಮ್ಮ ಸೋದರಮಾವನ ನಡಿಗೆ ಮಾಡಿ ತೋರಿಸಿದ್ದೆ. ಏನೂ ಗಿಟ್ಟಿರಲಿಲ್ಲ. ಈ ಮನುಷ್ಯ ಒಂದೇ ಮಾತಿಗೆ, ಅದೂ ನನ್ನ ಮೇಲಿನ ಮಾತಿಗೆ, ಆ ನಗುವನ್ನು ಎತ್ತಿಕೊಂಡುಬಿಟ್ಟರು. ನನ್ನ ಹೊಟ್ಟೆಕಿಚ್ಚು ಹೊತ್ತಿಕೊಂಡದ್ದು ಆ ಕ್ಷಣದಲ್ಲಿ. ಅವರು ತೀರಿಕೊಂಡು ಇಂದಿಗೆ ಇಪ್ಪತ್ತು ದಿನ, ಇನ್ನೂ ಪೂರ್ತಿ ಆರಿಲ್ಲ. ಹಾಗಾಗಿ ಬರೆಯಲು ಕುಳಿತಿದ್ದೇನೆ.

ನನ್ನ ಪರಿಚಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಹರಿದ ಗೋಣಿಚೀಲ ಕೊಂಡು, ಹೊಲಿಸಿ, ಭತ್ತದ ಮಂಡಿಗಳಿಗೆ ಮಾರುತ್ತ ಮೇಲೆ ಬಂದವನು. ಅಪ್ಪ ಹೋದಾಗ ತಮ್ಮನಿಗೆ ಒಂಬತ್ತು ವರ್ಷ. ಓದಿಸಿದೆ, ಭದ್ರಾವತಿಯ ಕಾರ್ಖಾನೆಯೊಂದಕ್ಕೆ ಸೇರಿಸಿದೆ, ಅವನು ತನ್ನ ಚುರುಕಿನಿಂದ ಕ್ರೇನ್ ನಡೆಸುವವನಾದ. ಇಪ್ಪತ್ತನಾಲ್ಕರ ಹುಡುಗ ಮಹಡಿಯೆತ್ತರದ ಗೂಡಿನಲ್ಲಿ ಕುಳಿತು ಕೆಂಪಗೆ ಕಾದ ಕಬ್ಬಿಣವನ್ನು ಜನರ ತಲೆಯ ಮೇಲಿಂದ ದಾಟಿಸುತ್ತಿದ್ದ. ಒಂದು ಭಾನುವಾರ, ಗಾಡಿ ಬಾಡಿಗೆ ಉಳಿಯಲೆಂದು, ಅವನ ಸೈಕಲ್ಲಿನ ಕ್ಯಾರಿಯರಿಗೆ ನಾನು ಗೋಣಿಕಟ್ಟು ಬಿಗಿದು ಕಳಿಸಿದೆ. ಭದ್ರಾ ಸೇತುವೆಯ ಇಳಿಜಾರಿನಲ್ಲಿ ಕಟ್ಟು ವಾಲಿತು. ಕಲ್ಲಿನ ಅಂಚಿಗೆ ಅವನ ತಲೆ ಬಡಿಯಿತು.

ಗಾಯ ಮೂರು ವಾರದಲ್ಲಿ ಮಾಯಿತು. ಆದರೆ ಮಾತಾಡುತ್ತ ಮಾತಾಡುತ್ತ ನಡುವೆ ನಿಂತುಬಿಡುತ್ತಿದ್ದ. ಕರೆದರೆ ದೂರದಿಂದ ಬಂದವನ ಹಾಗೆ ನೋಡುತ್ತಿದ್ದ. ಕಾರ್ಖಾನೆಯವರು ನ್ಯಾಯವಾಗಿಯೇ ನಡೆದುಕೊಂಡರು. ಆರು ತಿಂಗಳು ರಜೆ. ಅಷ್ಟರೊಳಗೆ ತಲೆ ಸರಿಯಾಗಿದೆ ಎಂದು ಡಾಕ್ಟರ ಕಾಗದ ತಂದರೆ ಮತ್ತೆ ಕ್ರೇನು, ಇಲ್ಲದಿದ್ದರೆ ಉಗ್ರಾಣದಲ್ಲಿ ಬೋಲ್ಟು ಎಣಿಸುವ ಕೆಲಸ. ತಮ್ಮ ನನಗೆ ಒಂದೇ ಮಾತು ಹೇಳಿದ್ದ: “ಅಣ್ಣ, ಆ ಗೂಡು ಬಿಟ್ಟು ಕೆಳಗೆ ನಿಂತ್ರೆ ನಾನು ಮೇಲೆ ನೋಡ್ಕೊಂಡೇ ಸಾಯ್ತೀನಿ.”

ಆ ಕಾಗದಕ್ಕೆ ಸಹಿ ಹಾಕುವವರು ಡಾಕ್ಟರು. ಸಹಿ ನಿಲ್ಲುವುದು ಮಾತ್ರ ಆ ಸಣಕಲು ಮನುಷ್ಯರ ಎಣಿಕೆಯ ಮೇಲೆ.

ಬಜಾರಿನವರು ಅವರನ್ನು ಗೆರೆ ಸಾಬರು ಎನ್ನುತ್ತಿದ್ದರು. ಭದ್ರಾವತಿಯವರು, ಲಾರಿ ಮೆಕ್ಯಾನಿಕ್ ಒಬ್ಬರ ಮಗ, ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. ಡಾಕ್ಟರು ಅವರನ್ನು ಬೆಂಗಳೂರಿಗೆ ಕಳಿಸಿ ಈ ಕೆಲಸ ಕಲಿಸಿದ್ದರು. ಬೆಳಿಗ್ಗೆಯ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುವುದು. ಶುಕ್ರವಾರ ನಮಾಜಿಗೆ ಒಂದು ಗಂಟೆ ಬಿಟ್ಟರೆ ಕುರ್ಚಿ ಬಿಟ್ಟು ಏಳುವವರಲ್ಲ. ಉಗುರು ಸಮನಾಗಿ ಕತ್ತರಿಸಿರುತ್ತಿತ್ತು, ಕೈ ಸ್ಪಿರಿಟ್ಟಿನ ವಾಸನೆ ಹೊಡೆಯುತ್ತಿತ್ತು. ಜೇಬಿನಲ್ಲಿ ಪೆನ್ನಿನ ಬದಲು, ಗೆರೆ ಅಳೆಯಲೆಂದು, ಶಾಲೆಯ ಮಕ್ಕಳ ಡಿವೈಡರ್ ಚುಚ್ಚಿಕೊಂಡಿರುತ್ತಿದ್ದರು. ತಂದಿಟ್ಟ ಟೀಯನ್ನು ಬಿಸಿಯಾಗಿ ಕುಡಿದದ್ದನ್ನು ನಾನು ಕಂಡಿಲ್ಲ.

ಕೆಲಸದ ಬಗೆ ಹೀಗೆ. ತಲೆಯ ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ ಬಿಳಿಯ ಅಂಟು ಮೆತ್ತಿ ಪುಟ್ಟ ಬೆಳ್ಳಿ ಬಿಲ್ಲೆಗಳನ್ನು ಕೂರಿಸುವರು. (ಒಂದೊಂದರಲ್ಲಿ ಎಷ್ಟು ಬೆಳ್ಳಿ ಇದ್ದೀತೆಂದು ನಾನು ಅಂದಾಜು ಹಾಕಿದ್ದೆ, ಹೆಚ್ಚೇನಿಲ್ಲ.) ಬಿಲ್ಲೆಯಿಂದ ತಂತಿ, ತಂತಿಯಿಂದ ಯಂತ್ರ, ಯಂತ್ರದಿಂದ ನಾಲ್ಕು ಪೆನ್ನು. ಕಾಗದ ಸೆಕೆಂಡಿಗೆ ಎರಡು ಬೆರಳಗಲ ಸರಿಯುತ್ತಿತ್ತು. ಕಣ್ಣು ತೆರೆದಿದ್ದರೆ ಗೆರೆ ಸಣ್ಣಗೆ ಚೆಲ್ಲಾಪಿಲ್ಲಿ. “ಕಣ್ಣು ಮುಚ್ಚಿ. ನಿದ್ದೆ ಬೇಡ, ಯೋಚನೆ ಬೇಡ” ಎಂದರೆ ಸಾಕು, ಒಂದೆರಡು ಕ್ಷಣದಲ್ಲಿ ಪೆನ್ನುಗಳು ತಾಳಕ್ಕೆ ಬಿದ್ದ ಹಾಗೆ ಮೇಲೆ ಕೆಳಗೆ ಸಮನಾಗಿ ಆಡತೊಡಗುವವು. ಅದು ಮಿದುಳು ವಿಶ್ರಾಂತಿಯಲ್ಲಿರುವಾಗಿನ ಲಯ. ಗಟ್ಟಿ ಆಳಿನಲ್ಲಿ ಸೆಕೆಂಡಿಗೆ ಒಂಬತ್ತು ಹತ್ತು ಅಲೆ. ನನ್ನ ತಮ್ಮನಿಗೆ ಮೊದಲ ದಿನ ಬಂದದ್ದು ಆರೂವರೆ.

“ಅಂದ್ರೆ ಏನರ್ಥ?” ಎಂದೆ.

“ಆರೂವರೆ ಅಂತ ಅರ್ಥ” ಎಂದರು. “ನಾನು ಎಣಿಸೋನು ಯಜಮಾನ್ರೇ. ಹೇಳೋರು ಡಾಕ್ಟರು.”

ದಿನವೂ ಬೆಳಿಗ್ಗೆ ಯಂತ್ರ ಸರಿಯಿದೆಯೇ ಎಂದು ನೋಡಲು ಮೊದಲು ತಮ್ಮ ತಲೆಗೇ ತಂತಿ ಹಚ್ಚಿಕೊಳ್ಳುತ್ತಿದ್ದರು. ಆ ಗೆರೆಯನ್ನು ನಾನು ನೋಡಿದ್ದೇನೆ: ಬಾಚಣಿಗೆಯ ಹಲ್ಲಿನಂತೆ ಸಮ, ಈ ತುದಿಯಿಂದ ಆ ತುದಿಗೆ ಹತ್ತು, ಹತ್ತು, ಹತ್ತು. ನನ್ನ ಅರ್ಧದಷ್ಟು ಆದಾಯವಿಲ್ಲದ, ಮೂರು ಹೆಣ್ಣುಮಕ್ಕಳಿದ್ದ ಮನುಷ್ಯನ ತಲೆಯೊಳಗೆ ಇಂಥ ನೆಮ್ಮದಿ ಎಲ್ಲಿಂದ ಬಂತು? ಒಂದು ಮಧ್ಯಾಹ್ನ ರೋಗಿಗಳಿಲ್ಲದಾಗ, “ನನ್ನದೂ ಒಂದು ಕೈ ನೋಡಿ” ಎಂದು ಮಲಗಿದೆ. ಪೆನ್ನುಗಳು ಕೋಳಿ ಕೆದಕಿದ ಹಾಗೆ ಕೆದಕಿದವು.

“ಏನೂ ಯೋಚನೆ ಮಾಡ್ಬೇಡಿ ಯಜಮಾನ್ರೇ.”

“ಮಾಡ್ತಾ ಇಲ್ಲ.”

“ಏನು ಯೋಚನೆ ಮಾಡ್ತಾ ಇಲ್ಲ?”

“ಹೊಳೆಹೊನ್ನೂರಿಗೆ ಹೋಗ್ಬೇಕಾದ ಮುನ್ನೂರು ಚೀಲದ್ದು.”

ಅವರು ಬಿದ್ದು ಬಿದ್ದು ನಕ್ಕರು. ಹತ್ತು ನಿಮಿಷದಲ್ಲಿ ನನಗೆ ಆ ಲಯ ಬಂದದ್ದು ನಾಲ್ಕು ಸೆಕೆಂಡು. “ಬಂತಲ್ಲ, ಅಷ್ಟು ಸಾಕು. ಕೆಲವರಿಗೆ ಬರೋದೇ ಇಲ್ಲ, ಅವರೂ ಆರೋಗ್ಯವಾಗೇ ಇರ್ತಾರೆ” ಎಂದು ಸಮಾಧಾನ ಹೇಳಿದರು. ಕಳಪೆ ಮಾಲಿಗೆ ಹೇಳುವ ಸಮಾಧಾನ ಹೇಗಿರುತ್ತದೆಂದು ವ್ಯಾಪಾರಿಗೆ ಗೊತ್ತಿರುತ್ತದೆ.

ಇನ್ನೊಂದು ಸಂಗತಿ. ಆಸ್ಪತ್ರೆಯ ಹಿಂದೆ ಒಂದು ಹಿಟ್ಟಿನ ಗಿರಣಿ. ಅದರ ಮೋಟಾರು ಓಡತೊಡಗಿದರೆ ಪೆನ್ನುಗಳೆಲ್ಲ ನಡುಗಿ ಗೆರೆ ಹಗ್ಗದಷ್ಟು ದಪ್ಪವಾಗುತ್ತಿತ್ತು. ಸಾಬರು ಕಿಟಕಿಯಲ್ಲಿ ತಲೆ ಹಾಕಿ, “ಅಕ್ಕಾ, ಒಂದು ತಲೆ ಕೂತಿದೆ” ಎನ್ನುವರು. ಗಿರಣಿಯ ಹೆಂಗಸು ಮೋಟಾರು ಆರಿಸಿ, ರಾಗಿ ತಂದವರನ್ನು ಸಾಲಾಗಿ ನೆಲದಲ್ಲಿ ಕೂರಿಸುವಳು. ಇಪ್ಪತ್ತು ನಿಮಿಷ ಇಡೀ ಓಣಿ ಪಿಸುಗುಟ್ಟುತ್ತಿತ್ತು. ಅದೇ ಹೆಂಗಸಿನ ಜೊತೆ ಚೀಲಕ್ಕೆ ಒಂದಾಣೆ ಹೆಚ್ಚಿಸಿಕೊಳ್ಳಲು ನಾನು ಎರಡು ವರ್ಷ ಹೆಣಗಿದ್ದೆ. “ಅವರಿಗಾದ್ರೆ ಗಿರಣಿನೇ ನಿಲ್ಲಿಸ್ತೀಯ?” ಎಂದು ಒಮ್ಮೆ ಕೇಳಿಯೂಬಿಟ್ಟೆ. “ಅವರು ತಮಗೋಸ್ಕರ ಕೇಳಲ್ವಲ್ಲ ಮಾರಾಯ” ಎಂದಳು.

ಯಂತ್ರ ಮನಸ್ಸನ್ನು ಓದುತ್ತದೆ ಎಂದು ಊರಲ್ಲಿ ಪುಕಾರು. ಹೊಳಲೂರಿನ ಜಮೀನುದಾರರೊಬ್ಬರು ಬಾಮೈದನನ್ನು ಕರೆತಂದು, ಇವನು ಸುಳ್ಳು ಹೇಳುತ್ತಾನೋ ನಿಜವೋ ನೋಡಿಕೊಡಿ ಎಂದು ಕುಳಿತರು. ಸಾಬರು ಗಂಭೀರವಾಗಿ ಹೇಳಿದರು: “ಇದಕ್ಕೆ ಅಷ್ಟು ಬುದ್ಧಿ ಇಲ್ಲ ಗೌಡ್ರೇ. ಕಣ್ಣು ಮುಚ್ಚಿದ್ದಾರೋ ತೆರೆದಿದ್ದಾರೋ, ಅಷ್ಟು ಹೇಳುತ್ತೆ. ಅದನ್ನ ನೀವೇ ನೋಡ್ಬಹುದು, ಪುಕ್ಕಟೆ.” ನಾನಾಗಿದ್ದರೆ ಗೌಡರಿಂದ ಮೂವತ್ತು ವಸೂಲು ಮಾಡದೆ ಬಿಡುತ್ತಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ ತಮ್ಮನ ಗೆರೆ. ಆರೂವರೆ ಏಳಾಯಿತು, ಏಳು ಏಳೂಮುಕ್ಕಾಲಾಯಿತು. ನಡುನಡುವೆ ನಿಂತುಬಿಡುವುದು ಕಡಿಮೆಯಾಯಿತು. ಅದಕ್ಕೆ ಸಂತೋಷಪಟ್ಟೆ, ಸುಳ್ಳು ಹೇಳುವುದಿಲ್ಲ. ಆದರೆ ಅವನು ಮನೆಗೆ ಬಂದರೆ ಬಾಯಿ ತುಂಬ “ಭಾಯ್ ಹಾಗಂದ್ರು, ಭಾಯ್ ಹೀಗಂದ್ರು”. ಊಟಕ್ಕೆ ಕೂತರೆ ಭಾಯ್, ಎದ್ದರೆ ಭಾಯ್. ಭಾಯ್ ಎಂದರೆ ಅಣ್ಣ ಎಂದು ತಿಳಿಯಲು ನನಗೆ ಉರ್ದು ಕಲಿಯಬೇಕಾಗಿರಲಿಲ್ಲ. ರಾತ್ರಿ ಕ್ರೇನಿನ ಕನಸು ಬೀಳುತ್ತದೆಂದು, ಕನಸಿನಲ್ಲಿ ಕೊಂಡಿ ಕಳಚುತ್ತದೆಂದು ಅವನು ಅವರಿಗೆ ಹೇಳಿದ್ದ. ನನಗೆ ಹೇಳಿರಲಿಲ್ಲ. ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು ನಾವು.

ಮೂರನೆಯ ತಿಂಗಳಲ್ಲಿ ಒಂದು ದಿನ, ಹೊರಗಿನ ಬೆಂಚಿನ ಮೇಲೆ ಕೂತು ಸಾಕಾಗಿ, ಒಳಗೆ ಅವರಿಬ್ಬರ ಮಾತು, ನಗು ಕೇಳಿಸಿ, ಬಾಗಿಲು ತಳ್ಳಿ ಒಳಗೆ ಹೋಗಿ ನಿಂತೆ. ಸಾಬರು ಕೈಸನ್ನೆಯಲ್ಲಿ ಸುಮ್ಮನಿರಲು ಹೇಳಿದರು. ಸುಮ್ಮನಿದ್ದೆ. ಕೆಲಸ ಮುಗಿದ ಮೇಲೆ ಕಾಗದವನ್ನು ಮೇಜಿನ ಮೇಲೆ ಹರಡಿ ಎಣಿಸುವಾಗ ನಾನೂ ಬಗ್ಗಿ ನೋಡಿದೆ. ಚೆನ್ನಾಗಿ ಸಾಗುತ್ತಿದ್ದ ಅಲೆ ಒಂದು ಕಡೆ ತಟ್ಟನೆ ಸತ್ತುಹೋಗಿ ಚೆಲ್ಲಾಪಿಲ್ಲಿಯಾಗಿತ್ತು. ಅಲ್ಲಿ ಪೆನ್ಸಿಲಿನಲ್ಲಿ, ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ಅಣ್ಣ ಒಳಗೆ ಬಂದರು.

“ಇದೇನಿದು?” ಎಂದೆ.

“ಸೀನಿದ್ರೆ ಸೀನು ಅಂತ ಬರೀತೀನಿ, ಕೆಮ್ಮಿದ್ರೆ ಕೆಮ್ಮು ಅಂತ ಬರೀತೀನಿ” ಎಂದರು. “ನಾಳೆ ಯಾರೋ ನೋಡಿ ಕಾಯಿಲೆ ಅಂತ ತಿಳ್ಕೋಬಾರದಲ್ಲ.”

ಇಪ್ಪತ್ತೆರಡು ರೂಪಾಯಿ ಕೊಟ್ಟು ನನ್ನ ಬಗ್ಗೆ ನಾನು ಕೊಂಡುಕೊಂಡ ಪುರಾವೆ ಅದು. ನಾನು ಕಾಲಿಟ್ಟರೆ ನನ್ನ ತಮ್ಮನ ವಿಶ್ರಾಂತಿ ಮುಗಿಯುತ್ತದೆ. ಪೆನ್ಸಿಲಿನ ಮಾತು ಬಿಡಿ, ಗೆರೆಯೇ ಅದನ್ನು ಶಾಯಿಯಲ್ಲಿ ಬರೆದುಕೊಂಡಿದೆ.

ಐದನೆಯ ತಿಂಗಳ ಕೊನೆಗೆ ಎಂಟು ಬಂತು. ಡಾಕ್ಟರು ಒಂಬತ್ತು ಮುಟ್ಟದೆ ಸಹಿ ಹಾಕುವುದಿಲ್ಲ ಎಂದಿದ್ದರು. ನಾನು ಸಾಬರನ್ನು ಹೋಟೆಲಿಗೆ ಕರೆದೊಯ್ದು ಮಸಾಲೆದೋಸೆ ತರಿಸಿ ವ್ಯಾಪಾರಕ್ಕೆ ಕೂತೆ.

“ಎಂಟು ಬಂದಿದೆ. ಒಂಬತ್ತು ಅಂತ ಬರೀರಿ. ಒಂದರಲ್ಲಿ ಏನಿದೆ?”

“ಬರೀಬಹುದು. ಬರೆದ್ರೆ ಕಾಗದದಲ್ಲಿ ಒಂಬತ್ತಾಗುತ್ತೆ. ತಲೇಲಿ ಎಂಟೇ ಇರುತ್ತೆ.”

“ಅವನ ಜೀವನದ ಪ್ರಶ್ನೆ ಕಣ್ರೀ ಇದು.”

“ಹೌದು. ಕ್ರೇನ್ ಕೆಳಗೆ ನಿಂತಿರ್ತಾರಲ್ಲ ಯಜಮಾನ್ರೇ, ಅವರೂ ಯಾರದ್ದೋ ತಮ್ಮಂದಿರೇ.”

ದೋಸೆ ಪೂರ್ತಿ ತಿಂದರು. ತಮ್ಮ ಪಾಲಿನ ದುಡ್ಡನ್ನು ತಟ್ಟೆಯ ಪಕ್ಕ ಇಟ್ಟು ಎದ್ದರು. ನಲವತ್ತು ವರ್ಷದ ನನ್ನ ವ್ಯಾಪಾರದಲ್ಲಿ ಎದುರಿನವನ ಬೆಲೆ ಏನೆಂದೇ ತಿಳಿಯದೆ ಎದ್ದು ಬಂದದ್ದು ಅದೊಂದೇ ಸಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಕೊನೆಯ ಗೆರೆ ಸೋಮವಾರ. ಕಾರ್ಖಾನೆಗೆ ಕಾಗದ ಮುಟ್ಟಬೇಕಾದದ್ದು ಗುರುವಾರ. ಸೋಮವಾರ ಬೆಳಿಗ್ಗೆ ನನಗೆ ಒಂದು ಯೋಚನೆ ಬಂತು: ಐದು ತಿಂಗಳಿಂದ ನನ್ನ ತಮ್ಮನ ತಲೆಯ ಮೇಲೆ ಬೇರೆಯವರ ಕೈ ಓಡಾಡುತ್ತಿದೆ, ಕೊನೆಯ ದಿನವಾದರೂ ನನ್ನ ಕೈ ಇರಲಿ, ಗೆರೆ ಒಂಬತ್ತು ಬಂದರೆ ಅದರಲ್ಲಿ ನನ್ನದೂ ಪಾಲಿರಲಿ. ನಮ್ಮಲ್ಲಿ ತಲೆಗೆ ಏನಾದರೂ ಮೊದಲ ಮದ್ದು ಹರಳೆಣ್ಣೆ. ಅವನನ್ನು ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಬೆಚ್ಚನೆಯ ಎಣ್ಣೆ ತಟ್ಟಿ, ಹಂಡೆ ಖಾಲಿಯಾಗುವವರೆಗೆ ಬಿಸಿನೀರು ಹೊಯ್ದೆ. ಸೀಗೆಪುಡಿ ಹಾಕಿ ಉಜ್ಜಿದೆ. ಮೆಣಸಿನ ಸಾರು, ಬಿಸಿ ಅನ್ನ ಉಣ್ಣಿಸಿ, ಟಾಂಗಾದಲ್ಲಿ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವನ ತಲೆ ನನ್ನ ಭುಜದ ಮೇಲೆ ತೂಗುತ್ತಿತ್ತು. ಬಹಳ ದಿನಗಳ ಮೇಲೆ ಅವನು ನನ್ನವನಾಗಿದ್ದ.

ಗೆರೆ ಮುಗಿದ ಮೇಲೆ ನನ್ನನ್ನು ಒಳಗೆ ಕರೆದರು. ಡಾಕ್ಟರ ಮುಖ ಬಿಗಿದಿತ್ತು. “ಹಿಂದಕ್ಕೆ ಹೋಗಿದೆ. ಏಳು, ಆರು, ಕೆಲವು ಕಡೆ ಐದು. ಒಳಗೆ ಏನಾದರೂ ಒತ್ತುತ್ತಿದೆಯೋ ಏನೋ, ಬೆಂಗಳೂರಿಗೆ ಕಳಿಸಬೇಕಾಗುತ್ತೆ.” ತಮ್ಮ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದ. ಅವನ ಕೈ ಮಂಚದ ಕಬ್ಬಿಣ ಹಿಡಿದಿತ್ತು.

ಸಾಬರು ಕಾಗದದಿಂದ ಮುಖ ಎತ್ತಿ ನನ್ನನ್ನು ಕೇಳಿದರು: “ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿಸಿದ್ರಾ?”

ನಾನು “ಇಲ್ಲ” ಎಂದೆ.

ಯಾಕೆ ಹಾಗೆಂದೆ ಎಂದು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೌದು ಎಂದರೆ ತಪ್ಪು ನನ್ನದಾಗುತ್ತಿತ್ತು, ಸರಿ ಮತ್ತೆ ಅವರದಾಗುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು, ತಮ್ಮನ ಕೆಲಸ ಹೋದರೂ ಈ ಮನುಷ್ಯ ಗೆಲ್ಲಬಾರದು ಎಂಬಲ್ಲಿಗೆ ನನ್ನ ಬುದ್ಧಿ ಇಳಿದಿತ್ತು.

“ಅಣ್ಣನೇ ಹಚ್ಚಿದ್ದು ಭಾಯ್” ಎಂದ ತಮ್ಮ, ಆಕಳಿಸುತ್ತ. “ಮೊದಲ ಸಲ ಇಷ್ಟು ಚೆನ್ನಾಗಿ ತಿಕ್ಕಿದ್ದಾನೆ.”

ಸಾಬರು ನನ್ನ ಕಡೆ ನೋಡಲಿಲ್ಲ. ಅದೊಂದು ಉಪಕಾರವನ್ನು ಒಪ್ಪಿಕೊಳ್ಳುತ್ತೇನೆ. ಡಾಕ್ಟರ ಮುಂದೆ ಕಾಗದ ತಿರುವಿದರು. “ಬಿಲ್ಲೆ ಜಾರ್ತಾ ಇತ್ತು ಸಾರ್, ಆಗಲೇ ಅನುಮಾನ ಬಂತು. ಇಲ್ಲಿ ನೋಡಿ, ನಾನು ಚಪ್ಪಾಳೆ ತಟ್ಟಿದ್ದೀನಿ. ತಟ್ಟಿದ ಮೇಲೆ ಎರಡು ಸೆಕೆಂಡು ಒಂಬತ್ತು ಬಂದಿದೆ. ಮತ್ತೆ ಇಳಿದಿದೆ. ಇಲ್ಲೂ ಅಷ್ಟೇ. ಪೆಟ್ಟು ಬಿದ್ದ ತಲೆ ಚಪ್ಪಾಳೆಗೆ ಹೀಗೆ ಏಳಲ್ಲ. ಇದು ಕಾಯಿಲೆ ಅಲ್ಲ ಸಾರ್, ಜೋಂಪು.”

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. “ಬುಧವಾರ ಇನ್ನೊಮ್ಮೆ ತೆಗೀರಿ” ಎಂದರು.

ಬುಧವಾರ ನಾನು ಬೆಂಚು ಬಿಟ್ಟು ಏಳಲಿಲ್ಲ. ಹಿಂದಿನ ರಾತ್ರಿ ಎಂಟಕ್ಕೇ ಅವನನ್ನು ಮಲಗಿಸಿದ್ದೆ, ತಲೆಗೆ ಬರೀ ಸೀಗೆಪುಡಿ. ಗಿರಣಿ ನಿಂತಿತು. ಒಳಗೆ ಪೆನ್ನುಗಳ ಕೆರೆತ. ಆಮೇಲೆ ಸಾಬರು ಬಾಗಿಲಲ್ಲಿ ನಿಂತು ಬೆರಳು ತೋರಿಸಿದರು: ಒಂಬತ್ತು, ಇನ್ನೊಂದು ಬೆರಳು ಅರ್ಧ ಮಡಚಿ. ಈ ತುದಿಯಿಂದ ಆ ತುದಿಗೆ ಒಂಬತ್ತೂವರೆ. ತಮ್ಮ ಹೊರಗೆ ಓಡಿಬಂದು ಮೊದಲು ಅವರನ್ನು ತಬ್ಬಿದ, ಆಮೇಲೆ ನನ್ನನ್ನು. ಆ ಸರದಿಯನ್ನು ನಾನು ನೋಡಿಕೊಂಡೆ.

ಮೊದಲ ಸಂಬಳದಲ್ಲಿ ಅವರಿಗೆ ಕೈಗಡಿಯಾರಕ್ಕೆ ಚರ್ಮದ ಪಟ್ಟಿ ತಂದ, ನನಗೆ ಅರ್ಧ ಸೇರು ಜಿಲೇಬಿ. ಜಿಲೇಬಿಯನ್ನು ಮನೆಮಂದಿಯೆಲ್ಲ ತಿಂದರು.

ಇಪ್ಪತ್ತು ದಿನದ ಹಿಂದೆ ಸಾಬರು ಹೋದ ಸುದ್ದಿಯನ್ನು ತಂದವನೂ ಅವನೇ, ಕಾರ್ಖಾನೆಯಿಂದ ರಜೆ ಹಾಕಿ. ಇಬ್ಬರೂ ಭದ್ರಾವತಿಗೆ ಹೋದೆವು. ಜನಾಜಾಕ್ಕೆ ಅವನು ಹೆಗಲು ಕೊಟ್ಟ, ನಾನು ಹಿಂದೆ ನಡೆದೆ. ಕಬರಸ್ಥಾನದ ಬೇವಿನ ಮರದಡಿ ಯಾರೋ ವಯಸ್ಸಾದವರು ಅವನನ್ನು ಕೇಳಿದರು: “ನೀನು ಇವರಿಗೆ ಏನಾಗ್ಬೇಕಪ್ಪ?”

“ತಮ್ಮ” ಎಂದ.

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಕೇಳಿಸಲಿಲ್ಲ ಎಂಬಂತೆ ಚಪ್ಪಲಿಯ ಮಣ್ಣು ಕೊಡವಿದೆ. ಆಮೇಲೆ ಹೋಗಿ ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದೆ.

ಈಗ ನಿಮಗೆ ನಾಲ್ಕು ಮಾತು. ಇವಕ್ಕೆ ನಾನು ಬೆಲೆ ಕೊಟ್ಟಿದ್ದೇನೆ, ನೀವು ಪುಕ್ಕಟೆ ಇಟ್ಟುಕೊಳ್ಳಿ. ಮನೆಯವರ ತಲೆಗೆ ಈ ಪರೀಕ್ಷೆ ಮಾಡಿಸುವ ಸಂದರ್ಭ ಬಂದರೆ ಹಿಂದಿನ ದಿನ ಬರೀ ಸೀಗೆಪುಡಿಯಲ್ಲಿ ತಲೆ ತೊಳೆಸಿ, ಎಣ್ಣೆ ಮುಟ್ಟಿಸಬೇಡಿ. ರಾತ್ರಿ ಚೆನ್ನಾಗಿ ನಿದ್ದೆಯಾಗಲಿ, ಬೆಳಿಗ್ಗೆ ಹೊಟ್ಟೆ ಬಿರಿಯುವಷ್ಟು ಉಣ್ಣಿಸಬೇಡಿ. ಮೊದಲ ದಿನದ ಕಾಗದವನ್ನು ಕೇಳಿ ಜೋಪಾನವಾಗಿಡಿ. ಒಂದೇ ಗೆರೆ ಏನನ್ನೂ ಹೇಳುವುದಿಲ್ಲ, ಮೊದಲಿನದರ ಪಕ್ಕ ಇಟ್ಟರೆ ಮಾತ್ರ ಹೇಳುತ್ತದೆ. ಎಣಿಸುವವರು ಏನಾದರೂ ಕೇಳಿದರೆ, ಎಷ್ಟೇ ಸಣ್ಣ ವಿಷಯವಾಗಿರಲಿ, ನಿಜ ಹೇಳಿ. ದರದಲ್ಲಿ ಚೌಕಾಸಿ ಮಾಡಿ, ಎಣಿಕೆಯಲ್ಲಿ ಮಾಡಬೇಡಿ. ಕಾಯುವಾಗ ಹೊರಗೆ ಗೋಡೆಗೆ ಒರಗಿ ಕುಳಿತುಕೊಳ್ಳಿ. ಒಳಗಿನಿಂದ ನಗು ಕೇಳಿಸಿದರೆ, ಹೊಟ್ಟೆ ಎಷ್ಟೇ ಉರಿಯಲಿ, ಬಾಗಿಲು ಮಾತ್ರ ತಳ್ಳಬೇಡಿ.